ಒಂದೇ ಹಂದರದ ಎರಡು ಎಂಜಿನ್ನುಗಳು

ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ನೀರು ಹೊಡೆದೆ. ಇವತ್ತು ನಮ್ಮ ಓಣಿಗೆ ನಳ ಬರುವ ಸರದಿ. ಕೊಡ, ಬಕೆಟ್, ಪಾತೇಲಿ, ಕೊನೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಸಿಟ್ಟೆ. ನಾಗರ ಪಂಚಮಿಯ ಉಂಡಿಗೆಂದು ಶೇಂಗಾ ಹುರಿದು ಸಿಪ್ಪೆ ಹಾರಿಸಿದೆ. ಎದುರು ಮನೆಯವಳ ಜಂಪರಿಗೆ ಹುಕ್ಕು ಹಚ್ಚಿದೆ. ಹಾಲು ಉಕ್ಕದಂತೆ ಕಾದು ನಿಂತೆ, ಉಕ್ಕಿತು, ಒರೆಸಿದೆ. ಆಮೇಲೆ ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಎರಡು ಡೀಸೆಲ್ ಎಂಜಿನ್ನುಗಳನ್ನು ಅಂಗಾತ ಮಲಗಿಸಿ, ಎರಡರ ಗಾಲಿಗಳನ್ನೂ ಬಿಚ್ಚಿದೆ.

ಕೊನೆಯ ಕೆಲಸ ದಿನಾ ಮಾಡುವಂಥದ್ದಲ್ಲ. ಎಂಜಿನ್ನುಗಳು ಗೇಣುದ್ದದವು, ಹಳಿಯ ಮೇಲೆ ಕರೆಂಟಿನಿಂದ ಓಡುವ ಮಾದರಿಗಳು. ಒಂದು ನಮ್ಮ ಮನೆಯವರದು, ಇನ್ನೊಂದು ಗಂಗಾವತಿಯ ನನ್ನ ಅಣ್ಣ ಶರಣಪ್ಪನದು. ಚಹಾಪುಡಿಯ ಡಬ್ಬಿ ಯಾವ ಕಪಾಟಿನಲ್ಲಿದೆ ಎಂದು ಇವತ್ತಿಗೂ ತಿಳಿಯದ ಈ ಇಬ್ಬರು ಗಂಡಸರಿಗೆ, ಯಾವ ಎಂಜಿನ್ನಿನ ಯಾವ ಗಾಲಿ ಯಾವುದರಿಂದ ಎಷ್ಟು ದೂರ ಎಂಬುದು ಮಾತ್ರ ಬಾಯಿಪಾಠ. ಇದಕ್ಕೆ ನನ್ನದೊಂದು ಕಾರಣವಿದೆ. ಇವರು ಹುಟ್ಟಿದ್ದು ಕುಷ್ಟಗಿಯಲ್ಲಿ, ಅಣ್ಣ ಗಂಗಾವತಿಯಲ್ಲಿ. ಇಬ್ಬರೂ ಬೆಳೆಯುವಾಗ ಎರಡೂ ಊರಿಗೆ ರೈಲಿರಲಿಲ್ಲ. ಕೊಪ್ಪಳಕ್ಕೆ ಬಂದಾಗ ಗೇಟು ಬಿದ್ದರೆ ಹಬ್ಬ. ಸಣ್ಣವರಿದ್ದಾಗ ಹೊಟ್ಟೆ ತುಂಬ ಸಿಗದ ತಿಂಡಿಯ ಮೇಲೆ ದೊಡ್ಡವರಾದ ಮೇಲೂ ಕಣ್ಣು ಹೋಗುತ್ತದಲ್ಲ, ಹಾಗೆ. ಈಗ ಗಂಗಾವತಿಗೂ ರೈಲು ಬಂತು, ಕುಷ್ಟಗಿಗೂ ಬಂತು. ಅಷ್ಟರಲ್ಲಿ ಇವರು ಇಷ್ಟಪಟ್ಟ ಡೀಸೆಲ್ಲಿನ ಕಾಲವೇ ಮುಗಿಯುತ್ತ ಬಂದು, ಹಳಿಯ ಮೇಲೆಲ್ಲ ಕರೆಂಟಿನ ತಂತಿ ಎಳೆದಿದ್ದಾರೆ.

ಎರಡು ಎಂಜಿನ್ನೂ ಬಿಡಿಭಾಗಗಳಾಗಿ ಒಂದೇ ಪಾರ್ಸೆಲ್ಲಿನಲ್ಲಿ ಬಂದಿದ್ದವು. ಇವರೂ ಅಣ್ಣನೂ ಒಂದೇ ಸಂಜೆ, ಇದೇ ಮೇಜಿನ ಮೇಲೆ, ರಾಜಕೀಯ ಮಾತಾಡುತ್ತ ಜೋಡಿಸಿದರು. ಜೋಡಿಸಿ ಮುಗಿದಾಗ ಇವರ ಹಳೆಯ ಕಾಲದ ಎಕ್ಸ್‌ಪ್ರೆಸ್ ಎಂಜಿನ್ನಿಗೆ ಗೂಡ್ಸ್ ಎಂಜಿನ್ನಿನ ಬೋಗಿ, ಅಣ್ಣನ ಗೂಡ್ಸ್ ಎಂಜಿನ್ನಿಗೆ ಹಳೆಯದರ ಬೋಗಿ. ಬೋಗಿ ಎಂದರೆ ನಾವು ಹತ್ತಿ ಕೂರುವ ಡಬ್ಬಿಯಲ್ಲ. ಎಂಜಿನ್ನಿನ ಹೊಟ್ಟೆಯ ಕೆಳಗೆ ಹಿಂದೊಂದು ಮುಂದೊಂದು ಇರುವ ಗಾಲಿಗಳ ಗಾಡಿ. ರೈಲಿನವರು ಅದಕ್ಕೇ ಬೋಗಿ ಎನ್ನುತ್ತಾರೆ. ಅದರ ಎರಡೂ ಮಗ್ಗುಲಿಗೆ ಸ್ಪ್ರಿಂಗು, ಬ್ರೇಕು ಎಲ್ಲ ಮೂಡಿಸಿದ ಒಂದೊಂದು ಚೌಕಟ್ಟು. ಹಳೆಯ ಎಂಜಿನ್ನಿನ ಬೋಗಿಯಲ್ಲಿ ಮೂರು ಅಚ್ಚುಗಳ ನಡುವಿನ ಅಂತರ ಒಂದು ಹೆಚ್ಚು, ಒಂದು ಕಡಿಮೆ. ಜಗಳವಾಡಿ ಸರಿದು ಕೂತವರಂತೆ. ಗೂಡ್ಸಿನದರಲ್ಲಿ ಎರಡೂ ಸಮ. ನೋಡುವವರಿಗೆ ಇದು ಕಾಣುವುದಿಲ್ಲ. ಕಂಡವರಿಗೆ ಬೇರೇನೂ ಕಾಣುವುದಿಲ್ಲ.

ನಗಬೇಡಿ. ನಾನು ಬಟ್ಟೆ ಹೊಲಿಯುವವಳು, ನನಗೆ ಅದು ಅರ್ಥವಾಗುತ್ತದೆ. ಜಂಪರಿನ ಎಡ ತೋಳನ್ನು ಬಲಕ್ಕೆ ಹಚ್ಚಿದರೆ ಮೊಳೆಗೆ ತೂಗುಹಾಕಿದಾಗ ಏನೂ ಗೊತ್ತಾಗುವುದಿಲ್ಲ. ತೊಟ್ಟವಳು ಕೈ ಎತ್ತಿದಾಗ ಗೊತ್ತಾಗುತ್ತದೆ. ಅಂಥ ತೋಳನ್ನು ನಾನೂ ಬಿಚ್ಚಿದ್ದೇನೆ, ಯಾರೂ ಕೇಳದಿದ್ದರೂ. ಇವರು ಮೊದಲು ಬರೀ ಚೌಕಟ್ಟು ಬದಲಿಸಿದರೆ ಸಾಕು ಎಂದುಕೊಂಡು, ರಟ್ಟಿನಲ್ಲಿ ಒಂದನ್ನು ಕತ್ತರಿಸಿ ಬಣ್ಣ ಬಳಿದು ಅಂಟಿಸಿದ್ದರು. ಗಾಲಿ ಒಂದು ಕಡೆ, ಅದರ ಅಚ್ಚಿನ ಪೆಟ್ಟಿಗೆ ಇನ್ನೊಂದು ಕಡೆ ಬಂತು. ಕಣ್ಣು ಒಂದು ಕಡೆ, ಹುಬ್ಬು ಒಂದು ಕಡೆ ಇದ್ದ ಹಾಗೆ. ಬದಲಿಸಿದರೆ ಇಡೀ ಬೋಗಿಯನ್ನೇ ಬದಲಿಸಬೇಕು. ಮಾಡಿ ಕಳಿಸಿದವರು ಆ ವ್ಯಾಪಾರ ಬಿಟ್ಟಿದ್ದಾರೆ, ಹೊಸದು ಸಿಗುವುದಿಲ್ಲ. ಇವರಿಗೆ ಬೇಕಾದದ್ದು ಅಣ್ಣನ ಬಳಿ, ಅಣ್ಣನಿಗೆ ಬೇಕಾದದ್ದು ಇವರ ಬಳಿ.

ಅದಲುಬದಲು ಮಾಡಿಕೊಂಡರೆ ಮುಗಿಯಿತಲ್ಲ ಎನ್ನುತ್ತೀರಿ. ಆದರೆ ಮೊದಲು ಕೊಟ್ಟವನು ಆ ಸಂಜೆಯ ತಪ್ಪು ತನ್ನದೆಂದು ಒಪ್ಪಿದಂತೆ. ಇಬ್ಬರೂ ಕೊಡಲಿಲ್ಲ. ಮಾತು ಬಿಟ್ಟರು. ಪಂಚಮಿ ಎಂದರೆ ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವ ಹಬ್ಬ; ಹೋದ ವರ್ಷ ನನ್ನನ್ನು ಕರೆಯಲು ಅಣ್ಣ ಬರಲಿಲ್ಲ.

ಇಲ್ಲಿ ನಮ್ಮ ಸಂಬಂಧ ಹೇಳಬೇಕು. ನಮ್ಮದು ಸಾಟಿ ಮದುವೆ: ಹೆಣ್ಣು ಕೊಟ್ಟು ಹೆಣ್ಣು ತರುವುದು. ನಾನು ಗಂಗಾವತಿಯಿಂದ ಈ ಮನೆಗೆ ಬಂದೆ. ಈ ಮನೆಯ ಮಗಳು, ಇವರ ತಂಗಿ ಗಿರಿಜಾ, ಅಣ್ಣನ ಹೆಂಡತಿಯಾಗಿ ಅಲ್ಲಿಗೆ ಹೋದಳು. ಅವಳಿಗೆ ನಾನು ವೈನಿ, ಅಂದರೆ ಅತ್ತಿಗೆ; ನನಗೆ ಅವಳು ವೈನಿ. ಗಂಡಸರು ಒಬ್ಬರಿಗೊಬ್ಬರು ಮಾವ ಎನ್ನುತ್ತಾರೆ. ಅಳಿಯನಾಗಲು ಇಬ್ಬರೂ ತಯಾರಿಲ್ಲ. ಇಂಥ ಸಂಬಂಧದಲ್ಲಿ ಅಲ್ಲಿ ಗುಡುಗಿದರೆ ಇಲ್ಲಿ ಮಳೆ. ಅಣ್ಣ ನನ್ನನ್ನು ಕರೆಯಲು ಬರಲಿಲ್ಲವೆಂದು ಇವರು ಗಿರಿಜಾಳನ್ನು ಕರೆಯಲು ಹೋಗಲಿಲ್ಲ. ಕರೆಯದೆ ತವರಿಗೆ ಹೋಗಬಾರದು ಎಂದು ನಮ್ಮ ಹಿರಿಯರು ಕಲಿಸಿದ್ದಾರೆ. ಕರೆಯದಿದ್ದರೆ ಏನು ಮಾಡಬೇಕೆಂದು ಕಲಿಸಿಲ್ಲ. ಇಬ್ಬರೂ ಗಂಡನ ಮನೆಯಲ್ಲೇ ಉಂಡಿ ಕಟ್ಟಿ, ಫೋನಿನಲ್ಲಿ ಒಬ್ಬರಿಗೊಬ್ಬರು ರುಚಿ ಹೇಳಿಕೊಂಡೆವು. ಈ ವರ್ಷವೂ ಹಾಗಾದರೆ ಅದೇ ರೂಢಿಯಾಗುತ್ತದೆ. ಮುರಿದ ಮಾತನ್ನು ಒಂದು ವರ್ಷದೊಳಗೆ ಜೋಡಿಸಬೇಕು, ಎರಡನೆಯ ವರ್ಷ ಅದು ಪದ್ಧತಿ.

ಅದಕ್ಕೇ ಗಿರಿಜಾ ಅಲ್ಲಿಂದ, ನಾನು ಇಲ್ಲಿಂದ ಕಾಡಿ ಕಾಡಿ ಇವತ್ತು ಕೂಡಿಸಿದೆವು. ಅಣ್ಣ ಗಿರಿಜಾಳನ್ನು ಕರೆದುಕೊಂಡು, ಬೂಟಿನ ಡಬ್ಬಿಯಲ್ಲಿ ಅರಳೆ ಹಾಸಿ ಎಂಜಿನ್ನು ತಂದಿದ್ದ. ಮೇಜಿನ ಆ ಕಡೆ ಅವನು, ಈ ಕಡೆ ಇವರು, ನಡುವೆ ನಾನು. ಮಾತೆಲ್ಲ ನನ್ನ ಮೂಲಕವೇ ಹಾಯಬೇಕು.

“ನೀಲವ್ವಾ, ಮೊದಲ ಯಾರು ಕೊಡತಾರ ಅದನ್ನ ಕೇಳು,” ಎಂದ ಅಣ್ಣ.

“ತಪ್ಪು ಯಾರು ಮಾಡ್ಯಾರ ಅವರು ಮೊದಲ ಕೊಡಬೇಕಂತ ಹೇಳು ನಿಮ್ಮಣ್ಣಗ. ಕಾಯ್ದೆ ಐತಿ,” ಎಂದರು ಇವರು.

“ಕಚೇರ್ಯಾಗ ಕುಂತವರಿಗೆ ಉಪ್ಪಿಟ್ಟಿಗೂ ಒಂದು ಕಾಯ್ದೆ ಇರತೈತಿ,” ಎಂದ ಅಣ್ಣ, ಇವರ ಕಚೇರಿ ನೌಕರಿಯನ್ನು ಚುಚ್ಚಿ.

“ಯಾರೂ ಕೊಡಬ್ಯಾಡ್ರಿ, ಯಾರೂ ತಗೋಬ್ಯಾಡ್ರಿ,” ಎಂದೆ ನಾನು. “ನಮ್ಮ ಲಗ್ನದಾಗ ಯಾರು ಮೊದಲ ಕೊಟ್ರು, ಹೇಳ್ರಿ ನೋಡೂಣು?”

ನಮ್ಮ ಮದುವೆ ಕುಷ್ಟಗಿಯಲ್ಲೂ ಆಗಲಿಲ್ಲ, ಗಂಗಾವತಿಯಲ್ಲೂ ಆಗಲಿಲ್ಲ. ಯಾರೂ ಯಾರ ಊರಿಗೂ ಮೊದಲು ಹೋಗಬಾರದೆಂದು ನಡುದಾರಿಯ ತಾವರಗೇರಾದಲ್ಲಿ ಹಂದರ ಹಾಕಿದ್ದರು. ಒಂದೇ ಹಂದರ, ಒಂದೇ ಮುಹೂರ್ತ. ಎರಡು ಜೋಡಿಯ ಮೇಲೆ ಒಟ್ಟಿಗೇ ಅಕ್ಕಿಕಾಳು. “ಇಲ್ಲೂ ಹಂಗ,” ಎಂದೆ. “ಎರಡೂ ಒಮ್ಮೆಲೆ ಬಿಚ್ಚತೀನಿ, ಎರಡೂ ಒಮ್ಮೆಲೆ ಹಚ್ಚತೀನಿ.”

ಸ್ಕ್ರೂ ಹಾರಿಹೋಗದಿರಲೆಂದು ಫ್ಯಾನ್ ಬಂದ್ ಮಾಡಿಸಿದೆ. ಅಂಗೈ ಬೆವರುತ್ತಿತ್ತು. ಹಿಂದಿನ ಬೋಗಿ, ಮುಂದಿನ ಬೋಗಿ ಕಲೆಯದಂತೆ ಕೆಂಪು ದಾರ, ಹಸಿರು ದಾರ ಕಟ್ಟಿದೆ. ಒಳಗಿನ ಕೊಂಡಿ ಸಿಗಬೇಕಾದರೆ ಮಗ್ಗುಲಿನ ಚೌಕಟ್ಟನ್ನು ಮೊದಲು ಕಳಚಬೇಕು. ಅದು ಹಿಡಿದಿರುವುದು ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಗೂಟದ ಮೇಲೆ. ಉಸಿರು ಬಿಗಿಹಿಡಿದು ಒಂದೊಂದೇ ಬಿಡಿಸಿದೆ. ಅಣ್ಣನ ಎಂಜಿನ್ನಿನವು ಬಂದವು. ಇವರದರಲ್ಲಿ ಕೊನೆಯದೊಂದು ಉಳಿಯಿತು. ಚಿಮಟಿಗೆ ತೂರಿಸಿ ಮೆಲ್ಲಗೆ ಎತ್ತಿದೆ.

ಟಕ್.

ಗೂಟ ಚಿಮಟಿಗೆಯ ತುದಿಯಲ್ಲಿತ್ತು, ಚೌಕಟ್ಟು ಟವೆಲಿನ ಮೇಲೆ.

ಚಹಾದ ಮೇಲೆ ಕೆನೆ ಕಟ್ಟಿತ್ತು. ಮೊದಲು ಕೆಮ್ಮಿದವನು ಅಣ್ಣ. “ಮುರದದ್ದು ಯಾರದು?”

“ನನ್ನ ಎಂಜಿನ್ನಿನಾಗ ಇರೂತನಕ ಗಟ್ಟಿ ಇತ್ತು,” ಎಂದರು ಇವರು, ನನ್ನನ್ನು ನೋಡಿ.

“ನನ್ನ ಎಂಜಿನ್ನಿಗೆ ಇನ್ನೂ ಸೇರಿಲ್ಲ,” ಎಂದ ಅಣ್ಣ, ನನ್ನನ್ನೇ ನೋಡಿ.

ಅಂದರೆ ನಡುವೆ ಮುರಿದದ್ದು; ನಡುವೆ ಇದ್ದವಳು ನಾನು. ಹಂದರದಲ್ಲಿ ಕಾಲು ಉಳುಕಿದ ಮದುಮಗಳು ಯಾವ ಮನೆಯವಳು? ಅಣ್ಣನ ಕೈ ಬೂಟಿನ ಡಬ್ಬಿಯ ಮುಚ್ಚಳದ ಕಡೆಗೆ ಹೋಯಿತು. ಬೆಳಿಗ್ಗೆ ಹುರಿದ ಶೇಂಗಾವನ್ನು ಈ ವರ್ಷವೂ ಇದೇ ಅಡುಗೆಮನೆಯಲ್ಲಿ, ಬಾಗಿಲ ಕಡೆ ನೋಡುತ್ತ ತಿನ್ನಬೇಕು ಎಂದುಕೊಂಡೆ.

ಗಿರಿಜಾ ಹೊಸ್ತಿಲಲ್ಲಿ ಕೂತು ಬಳ್ಳೊಳ್ಳಿ ಬಿಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ನನ್ನ ಕೊಟ್ಟ ದಿನ ನನಗ ಕೆಂಡದಂಥಾ ಜ್ವರ. ಇಬ್ಬರು ಹಿಡಕೊಂಡು ಹಂದರದಾಗ ಕೂಡಿಸಿದ್ರು. ತಾಳಿ ಕಟ್ಟೂವಾಗ ಕಣ್ಣು ತೆರದಿದ್ದಿಲ್ಲ. ಈ ಜ್ವರ ಯಾರ ಕಡೇದು ಅಂತ ಅವತ್ತು ಇವರು ಕೇಳಿದ್ರೇನು, ವೈನಿ?”

“ಅದನ್ಯಾಕ ಈಗ ತಗೀತಿ?” ಎಂದ ಅಣ್ಣ. ಅವನ ಕಿವಿ ಕೆಂಪಾಗಿತ್ತು.

“ಕೇಳಲಿಲ್ಲ. ಒಯ್ದು ಕಷಾಯ ಕುಡಿಸಿದ್ರು. ಅಷ್ಟ ಹೇಳಿದೆ.”

ಅವಳು ಮತ್ತೆ ಬಳ್ಳೊಳ್ಳಿಗೆ ಕೈ ಹಾಕಿದಳು. ಅಣ್ಣ ಮುಚ್ಚಳವನ್ನು ಸರಿಸಿ ಟವೆಲಿನಿಂದ ಮುರಿದ ಚೌಕಟ್ಟು ಎತ್ತಿಕೊಂಡ. “ಜ್ವರ ಬಂದಾಕಿನ್ನ ಒಯ್ದಾಂವ ನಾ. ಇದನ್ನ ಬಿಡತೀನೇನು? ನಂದ ಇದು.”

“ತಡೀರಿ ಮಾವಾ,” ಎಂದರು ಇವರು. ಒಂದು ವರ್ಷದ ಮೇಲೆ ನೇರವಾಗಿ ಆಡಿದ ಮೊದಲ ಮಾತು. “ಕೊಡೂ ಮನಿಯವರು ಮುರದದ್ದನ್ನ ಹಂಗ ಕೊಡೂದಿಲ್ಲ. ಸರಿ ಮಾಡೇ ಕೊಡತೀವಿ.”

“ನೀವೇನ ಸರಿ ಮಾಡತೀರಿ, ಮಾಡಾಕಿ ನನ್ನ ತಂಗಿ.”

“ಆಕಿ ಈಗ ನಮ್ಮ ಮನಿಯಾಕಿ ಅಲ್ಲೇನ್ರಿ?”

ಮತ್ತೆ ಜಗಳ. ಆದರೆ ಈ ಜಗಳಕ್ಕೆ ನಾನು ದಾರಿಯಾಗಬೇಕಿರಲಿಲ್ಲ, ಅದು ನೇರವಾಗಿ ಹೋಗಿಬರುತ್ತಿತ್ತು. ನಾನು ಗುಂಡುಪಿನ್ನಿನ ತಲೆ ಕತ್ತರಿಸಿ, ದೀಪಕ್ಕೆ ಹಿಡಿದು, ಕಾದ ತುದಿಯನ್ನು ಗೂಟ ಮುರಿದ ಜಾಗಕ್ಕೆ ಒತ್ತಿದೆ. ಕಚ್ಚಿಕೊಂಡಿತು. ಇವರು ಒಂದನ್ನು ಹಿಡಿದರು, ಅಣ್ಣ ಒಂದನ್ನು; ಎರಡೂ ಎಂಜಿನ್ನಿಗೆ ಅವುಗಳದ್ದೇ ಬೋಗಿ ಒಟ್ಟಿಗೆ ಕೂತವು. ಮೇಜಿನ ಹಳಿಯ ಮೇಲೆ ಬಿಟ್ಟಾಗ ನೀರಿನ ಜಗ್ಗಿನ ತನಕ ಓಡಿ ನಿಂತವು. ಇಬ್ಬರು ಗಂಡಸರೂ ಗದ್ದ ಮೇಜಿಗೆ ಊರಿ, ಒಂದು ಕಣ್ಣು ಮುಚ್ಚಿ, ಗಾಲಿಗಳ ಅಂತರ ನೋಡುತ್ತ ಬಹಳ ಹೊತ್ತು ಹಾಗೇ ಇದ್ದರು.

ನಿಜವಾದ ಎಂಜಿನ್ನುಗಳಿಗೆ ಈ ಹಟ ಇಲ್ಲವಂತೆ. ಶೆಡ್ಡಿನಲ್ಲಿ ಕ್ರೇನು ಹಚ್ಚಿ ಮೈಯನ್ನು ಮೇಲೆತ್ತುತ್ತಾರೆ, ಸವೆದ ಬೋಗಿ ಹೊರಗೆ ಉರುಳಿಸುತ್ತಾರೆ, ಅದೇ ಜಾತಿಯ ಯಾವುದು ತಯಾರಿದೆಯೋ ಅದನ್ನು ಕೆಳಗೆ ತಳ್ಳಿ ಕಳಿಸುತ್ತಾರೆ. ತನ್ನವೇ ಬೇಕೆಂದು ಯಾವ ಎಂಜಿನ್ನೂ ಶೆಡ್ಡಿನಲ್ಲಿ ಮುಖ ಉಬ್ಬಿಸಿ ಕೂರುವುದಿಲ್ಲ. ಬೇರೆ ಮನೆಯ ಗಾಲಿಯ ಮೇಲೆ ನಿಂತು ಗುಂತಕಲ್ಲಿಗೋ ಹುಬ್ಬಳ್ಳಿಗೋ ಭಾರ ಎಳೆಯುತ್ತ ಹೋಗುತ್ತದೆ. ಇದನ್ನು ಹೇಳಿದವರು ಇವರೇ. ಹೇಳುವಾಗ ಗಿರಿಜಾಳನ್ನೂ ನನ್ನನ್ನೂ ನೋಡಬೇಕೆಂದು ಇವರಿಗೆ ಹೊಳೆಯಲಿಲ್ಲ. ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು.

ಸಂಜೆ ಅಣ್ಣ, “ತಂಗಿ, ಅರಿಬಿ ಕಟ್ಟಿಕೋ. ಮುಂಜಾನೆ ನನ್ನ ಜೋಡಿ ನಡಿ,” ಎಂದ. ಇವರು ಒಳಗೆ ಇಣುಕಿ, “ಗಿರಿಜಾ, ನೀ ಇಲ್ಲೇ ಇರು, ಹಬ್ಬ ಮುಗಿಸಿಕೊಂಡು ಹೋಗೀಯಂತ,” ಎಂದರು. ಸಾಟಿಯವರ ಪಂಚಮಿ ಹೀಗೇ. ತವರಿಗೆ ಹೋದರೆ ಅಲ್ಲಿ ವೈನಿ ಇರುವುದಿಲ್ಲ; ಅವಳು ನಮ್ಮ ಮನೆಯಲ್ಲಿ ತನ್ನ ತವರು ಮಾಡುತ್ತಿರುತ್ತಾಳೆ.

ರಾತ್ರಿಗೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಿರಿಜಾ ಬಿಡಿಸಿದ ಬಳ್ಳೊಳ್ಳಿ ಹಾಕಿದ ಶೇಂಗಾ ಹಿಂಡಿ, ಗಟ್ಟಿ ಮೊಸರು. ಗಂಡಸರು ಎಣಿಸದೆ ಉಂಡರು. ಎಲ್ಲರಿಗಿಂತ ಮೊದಲು ಮಲಗಿದವಳು ಗಿರಿಜಾ. ತವರಿಗೆ ಬಂದವಳು, ಬೆಳಿಗ್ಗೆ ಹಾಲು ಉಕ್ಕುವ ಚಿಂತೆ ಅವಳದಲ್ಲ. ತಾಟು ತೊಳೆಯುವ ಮೊದಲೇ ಚಾಪೆಯ ಮೇಲೆ ಮೈ ಚೆಲ್ಲಿದ್ದಳು. ಕೊನೆಗೆ ಮಲಗಿದವಳು ನಾನು. ನಾಳೆ ಗಂಗಾವತಿಯಲ್ಲಿ ಮೊದಲು ಮಲಗುವವಳೂ ನಾನೇ.