ಸಿದ್ದಪ್ಪ ನನ್ನ ಬಾಯಿ ಬಿಡಿಸಿದ ದಿನ

ನನ್ನ ಹೆಸರು ರತ್ನಮ್ಮ, ಊರು ಮಿಡಿಗೇಶಿ. ಶಾಲೆ ಮಕ್ಕಳ ಯೂನಿಫಾರಂ, ಹೆಂಗಸರ ರವಿಕೆ ಹೊಲಿದು ಬದುಕುವವಳು. ನನಗೆ ರಕ್ತದ ಕ್ಯಾನ್ಸರ್ ಇದೆ. ಅದರ ಜೊತೆಗೆ ನಾನೇ ಮೈಮೇಲೆ ಎಳೆದುಕೊಂಡ ಕಷ್ಟವೂ ಒಂದಿತ್ತು. ಸಿದ್ದರಬೆಟ್ಟದ ಸಿದ್ದೇಶ್ವರ ಸ್ವಾಮಿಯನ್ನು, ನಮ್ಮ ಸಿದ್ದಪ್ಪನನ್ನು, ನಂಬಿದವರ ಮುಂದೆ ಮುಚ್ಚಿಡುವುದು ಏನಿದೆ, ಎಲ್ಲವನ್ನೂ ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ, ಶಿವರಾತ್ರಿ ಕಳೆದ ಮೇಲೆ ವಿಪರೀತ ಸುಸ್ತು ಶುರುವಾಯಿತು. ಎಡಪಕ್ಕೆಯ ಕೆಳಗೆ ಕಲ್ಲಿಟ್ಟ ಹಾಗೆ ಭಾರ. ಹತ್ತು ನಿಮಿಷ ಮಿಷನ್ ತುಳಿದರೆ ಮೈಯೆಲ್ಲ ಬೆವರು. ಮಧುಗಿರಿಯಲ್ಲಿ ರಕ್ತ ಪರೀಕ್ಷೆ ಮಾಡಿದವರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿನ ಡಾಕ್ಟರು ಕಾಯಿಲೆಯ ಹೆಸರು ಹೇಳಿ, "ಹೆದರಬೇಡಿ. ದಿನಾ ಊಟ ಆದಮೇಲೆ ಒಂದು ಮಾತ್ರೆ. ತಪ್ಪಿಸಬಾರದು, ಅಷ್ಟೆ. ಎಲ್ಲರ ಹಾಗೆ ಬದುಕ್ತೀರ" ಎಂದರು.

ಒಂದು ವರ್ಷ ತಪ್ಪಿಸಲಿಲ್ಲ. ಆಮೇಲೆ ನಮ್ಮ ಯಜಮಾನರು ಓಡಿಸುತ್ತಿದ್ದ ಗೂಡ್ಸ್ ಆಟೋ ಶಿರಾ ರಸ್ತೆಯಲ್ಲಿ ಮಗುಚಿ ಅವರ ಕಾಲು ಮುರಿಯಿತು. ಮಗಳು ಪಿಯುಸಿಯಲ್ಲಿದ್ದಳು. ಮನೆ ನಡೆಯುತ್ತಿದ್ದುದು ನನ್ನ ಹೊಲಿಗೆಯಿಂದ ಮಾತ್ರ. ಮಾತ್ರೆಯನ್ನು ಅಂಗಡಿಯಲ್ಲಿ ಕೊಳ್ಳುತ್ತಿದ್ದೆ. ಬೇರೆ ದಾರಿ ಇದೆಯೇ ಎಂದು ಯಾರನ್ನೂ ಕೇಳಲಿಲ್ಲ. ಆಸ್ಪತ್ರೆಗೆ ಇಸ್ತ್ರಿ ಸೀರೆ ಉಟ್ಟು ಹೋಗುತ್ತಿದ್ದ ನನ್ನನ್ನು ನೋಡಿ, ಕಷ್ಟವಿದೆಯೇ ಎಂದು ಅಲ್ಲಿಯವರೂ ಕೇಳಲಿಲ್ಲ. ಒಂದು ತಿಂಗಳ ಮಾತ್ರೆಯನ್ನು ಎರಡು ತಿಂಗಳು ಬರಿಸಲು ದಿನ ಬಿಟ್ಟು ದಿನ ನುಂಗತೊಡಗಿದೆ. ಮಾತ್ರೆ ಬಿಟ್ಟ ದಿನ ಸ್ವಾಮಿಯ ಪಟದ ಮುಂದೆ ಎರಡು ದೀಪ ಹಚ್ಚಿ, "ಇವತ್ತಿನ ದಿನ ನೀನೇ ನೋಡ್ಕೊ" ಎನ್ನುತ್ತಿದ್ದೆ. ಮೈಗೆ ಏನೂ ಆಗಲಿಲ್ಲ. ದೇವರು ಒಪ್ಪಿದ್ದಾನೆ ಎಂದುಕೊಂಡೆ.

ಕಾರ್ತಿಕ ಮಾಸದಲ್ಲಿ ತಪಾಸಣೆಗೆ ಹೋಗಬೇಕಾಯಿತು. ಯಜಮಾನರಿಗೆ ನಡೆಯಲು ಆಗದೆ ನಮ್ಮತ್ತೆ ಗಂಗಮ್ಮ ಜೊತೆಗೆ ಹೊರಟರು. ಎಪ್ಪತ್ತು ದಾಟಿದವರು, ಅಕ್ಷರ ಬಾರದು. ಮೊದಲ ಬಸ್ಸಿಗೆ ಹತ್ತಿ, ಕೊರಟಗೆರೆ ದಾಟುವವರೆಗೂ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದರು.

ಡಾಕ್ಟರು ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು. "ಕಾಯಿಲೆ ಮತ್ತೆ ಏರಿದೆ. ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?"

"ತಗೊಳ್ತಿದೀನಿ ಸಾರ್."

"ಹಾಗಾದರೆ ಈ ಮಾತ್ರೆ ಕೆಲಸ ನಿಲ್ಲಿಸಿದೆ. ಬೇರೆಯದಕ್ಕೆ ಬದಲಾಯಿಸಬೇಕಾಗುತ್ತೆ." ಅದರ ಬೆಲೆ ಈಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಇನ್ನೊಂದು ಪರೀಕ್ಷೆಗೆ ರಕ್ತ ಕೊಟ್ಟು ಮಧ್ಯಾಹ್ನ ಬರಲು ಹೇಳಿದರು.

ಹೊರಗೆ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದೆ. ನಿಜ ಹೇಳಲು ನಾಚಿಕೆ, ಹೇಳದಿದ್ದರೆ ಜೀವಕ್ಕೇ ಸಂಚಕಾರ. "ಸಿದ್ದಪ್ಪ, ಇನ್ನು ನನ್ ಕೈಲಾಗಲ್ಲ. ಒಂದು ದಾರಿ ತೋರ್ಸು, ನಿನ್ ಬೆಟ್ಟ ಹತ್ತಿ ಬರ್ತೀನಿ" ಎಂದು ಹರಕೆ ಹೊತ್ತು ಬೇಡಿಕೊಂಡೆ. ಅಷ್ಟು ಸೋತು ನಾನು ಎಂದೂ ಬೇಡಿದವಳಲ್ಲ.

ಕಣ್ಣು ತೆರೆದಾಗ ಎದುರಿಗೆ ಫೈಲು ಹಿಡಿದ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಹೆಸರು ಸುಮಾ ಎಂದಳು. "ಅಮ್ಮ, ಕ್ಯಾನ್ಸರ್ ಇರೋರಿಗೆ ಮಾತ್ರೆ ತಗೊಳ್ಳೋಕೆ ಏನೇನು ತೊಂದರೆ ಆಗುತ್ತೆ ಅಂತ ಸಂಶೋಧನೆ ಮಾಡ್ತಿದ್ದೀವಿ. ನಿಮ್ಮ ಹೆಸರು ಎಲ್ಲೂ ಬರೆಯಲ್ಲ. ಬೇಡ ಅಂದ್ರೂ ಪರವಾಗಿಲ್ಲ."

ಆಗಲಿ ಎಂದೆ. ಊರು, ಕೆಲಸ, ಮನೆಯವರ ವಿಷಯವೆಲ್ಲ ಕೇಳಿದಳು. ಆಮೇಲೆ, "ತುಂಬ ಜನಕ್ಕೆ ಮಾತ್ರೆ ತಪ್ಪುತ್ತೆ ಅಮ್ಮ. ಕೆಲವರಿಗೆ ಮರೆವು, ಕೆಲವರಿಗೆ ವಾಂತಿ, ಕೆಲವರಿಗೆ ದುಡ್ಡಿನ ತಾಪತ್ರಯ. ಹೋದ ತಿಂಗಳು ನಿಮಗೆ ಎಷ್ಟು ದಿನ ತಪ್ಪಿರಬಹುದು?" ಎಂದಳು.

ತಪ್ಪುವುದು ನನಗೊಬ್ಬಳಿಗೇ ಅಲ್ಲ ಎಂದು ಅಂದೇ ತಿಳಿದದ್ದು. "ಹದಿನೈದು" ಎಂದೆ.

ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅತ್ತೆಯ ಕೈ ನಿಂತಿತು. "ಮನೇಲಿ ಮುದ್ದೆ ಕಮ್ಮಿ ಮಾಡ್ಬೋದಿತ್ತು ಕಣೆ ರತ್ನಿ. ಮಾತ್ರೆ ಕಮ್ಮಿ ಮಾಡು ಅಂತ ಯಾರೇ ಹೇಳಿದ್ರು ನಿಂಗೆ?"

ನಾನು ಅಳತೊಡಗಿದೆ. ಸುಮಾ ಫೈಲು ಮುಚ್ಚಿ ಪಕ್ಕದಲ್ಲಿ ಕೂತಳು. "ಡಾಕ್ಟರಿಗೆ ಹೇಳೋದು ಬಿಡೋದು ನಿಮ್ಮಿಷ್ಟ. ಆದ್ರೆ ಹೇಳಿದ್ರೆ ಮಾತ್ರೆ ಬದಲಾಯಿಸೋ ಅಗತ್ಯವೇ ಬೀಳದೆ ಇರಬಹುದು."

ಅವಳ ಮಾತು ಮುಗಿಯುವ ಮುಂಚೆ ಅತ್ತೆ ನನ್ನ ಕೈ ಹಿಡಿದು ಎಬ್ಬಿಸಿದ್ದರು. ಡಾಕ್ಟರ ಮುಂದೆ ನಿಂತು, "ಸ್ವಾಮಿ, ನಿಮ್ ಮಾತ್ರೆ ಕೆಟ್ಟಿಲ್ಲ. ನಮ್ ಸೊಸೆ ನುಂಗಿಲ್ಲ. ನಾನು ನುಂಗುಸ್ತೀನಿ, ಮೂರು ತಿಂಗ್ಳು ಟೈಮ್ ಕೊಡಿ" ಎಂದರು.

ಬೈಗುಳ ಬೀಳುತ್ತದೆ ಎಂದು ನಾನು ತಲೆ ತಗ್ಗಿಸಿದೆ. ಡಾಕ್ಟರು ರಿಪೋರ್ಟನ್ನು ಇನ್ನೊಮ್ಮೆ ನೋಡಿ, "ನಾನೂ ಇನ್ನೊಂದು ರೀತಿ ಕೇಳಬೇಕಾಗಿತ್ತು" ಎಂದರು. ಹಳೆಯ ಮಾತ್ರೆಯನ್ನೇ ಮತ್ತೆ ಬರೆದು, ಬಡ ರೋಗಿಗಳಿಗೆ ನೆರವು ಕೊಡಿಸುವ ಕೋಣೆಗೆ ಕಳಿಸಿದರು. ರೇಷನ್ ಕಾರ್ಡಿನ ಮೇಲೆ ಮಾತ್ರೆ ಪುಕ್ಕಟೆ ಸಿಗುತ್ತದೆಂದು ತಿಳಿದದ್ದು ಅಲ್ಲಿ. ಅದಕ್ಕಾಗಿ ಮೂರು ಸಲ ಓಡಾಡಿದೆವು, ಸಿಕ್ಕಿತು.

ಅಂದಿನಿಂದ ಊಟ ಮುಗಿಯುತ್ತಲೇ ಅತ್ತೆ ನೀರಿನ ಲೋಟ ಹಿಡಿದು ನಿಲ್ಲುತ್ತಾರೆ. ನುಂಗಿದ ಮೇಲೆ, "ನಾಲ್ಗೆ ಎತ್ತು" ಎಂದು ನೋಡಿಯೇ ಹೋಗುವುದು. ಮೂರು ತಿಂಗಳಿಗೆ ರಿಪೋರ್ಟ್ ಇಳಿಯಿತು. ವರ್ಷ ತುಂಬುವಾಗ ಕಾಯಿಲೆ ಪರೀಕ್ಷೆಯಲ್ಲಿ ಕಂಡೂ ಕಾಣದಷ್ಟಾಯಿತು.

ಈಗ ಆಸ್ಪತ್ರೆಗೆ ಹೋದಾಗಲೆಲ್ಲ ಹೊಸ ರೋಗಿಗಳ ಜೊತೆ ಮಾತಾಡಲು ಸುಮಾ ನನ್ನನ್ನು ಕರೆಯುತ್ತಾಳೆ. ಏಳನೇ ಕ್ಲಾಸಿಗೆ ಬಿಟ್ಟವಳು ನಾನು. ಡಾಕ್ಟರುಗಳು ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದಾರೆ. ಒಮ್ಮೆ ಪಾವಗಡದ ಕಡೆಯ ಹೆಂಗಸೊಬ್ಬಳು ಸೆರಗು ಹಿಡಿದು ನಿಲ್ಲಿಸಿ, "ಅಕ್ಕಾ, ನಾನೂ ಅಂಗೇ ಬುಡ್ತಿದೀನಿ. ಎವರಿಕೀ ಚೆಪ್ಪಲೇದು" ಎಂದಳು. ಯಾರಿಗೂ ಹೇಳಿಲ್ಲವಂತೆ. ನಾನೇ ಅವಳನ್ನು ಆ ಕೋಣೆಗೆ ಕರೆದುಕೊಂಡು ಹೋದೆ. ಅವಳಿಗೂ ಈಗ ಮಾತ್ರೆ ಸಿಗುತ್ತಿದೆ. ಹೆಮ್ಮೆ ಎಂದರೆ ಹೆಮ್ಮೆಯೇ, ಸುಳ್ಳು ಹೇಳಲಾರೆ.

ನನ್ನ ಬದಲು ನೀನು ನೋಡಿಕೊ ಎಂದು ಸ್ವಾಮಿಗೆ ಈಗ ಹೇಳುವುದಿಲ್ಲ. ಮಾತ್ರೆ ನುಂಗಿ ಕೈಮುಗಿಯುತ್ತೇನೆ.

ಈ ಶ್ರಾವಣದಲ್ಲಿ ಹರಕೆ ತೀರಿಸಲು ಸಿದ್ದರಬೆಟ್ಟ ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ಸಿಕ್ಕವರಿಗೆಲ್ಲ, "ನಮ್ ಸೊಸೆ ಒಂದ್ ಮಾತ್ರೆನೂ ಬುಟ್ಟಿಲ್ಲ ಕಣಮ್ಮ" ಎಂದು ಹೇಳುತ್ತ ನಡೆದರು. ಮೇಲೆ ಗವಿಯಲ್ಲಿ ಪೂಜಾರರು ಹೆಸರು, ನಕ್ಷತ್ರ ಕೇಳಿದರು. ನನ್ನದು ಹೇಳಿಯಾದ ಮೇಲೆ ಅತ್ತೆ, "ಸುಮಾ ಅಂತ ಇನ್ನೊಂದ್ ಅರ್ಚನೆ ಮಾಡಿ" ಎಂದರು.

"ನಕ್ಷತ್ರ ಯಾವುದಮ್ಮ?"

"ನಂಗೊತ್ತಿಲ್ಲ ಸ್ವಾಮಿ. ಅವಳ್ನ ಕಳ್ಸಿದೋನು ಒಳಗೇ ಕುಂತವ್ನೆ, ಅವನಿಗ್ ಗೊತ್ತು."