ಪಟ್ಟಿಯ ಮೂರನೇ ತೂತು

ಆಸ್ಪತ್ರೆಯ ಹಿಂಭಾಗದಲ್ಲಿ, ಅಡುಗೆಮನೆಗೂ ಶವಾಗಾರಕ್ಕೂ ನಡುವೆ, ಬಟ್ಟೆ ಒಗೆಯುವ ಶೆಡ್ಡು. ಅಲ್ಲಿ ಇಪ್ಪತ್ತಾರು ವರ್ಷದಿಂದ ದುಡಿಯುತ್ತಿರುವ ಹೆಂಗಸನ್ನು ಎಲ್ಲರೂ ಗಡಿಯಾರಕ್ಕ ಎಂದೇ ಕರೆಯುತ್ತಾರೆ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿದೆ. ಅವಳ ಮಣಿಕಟ್ಟಿನಲ್ಲಿ, ಲಾರಿ ಡ್ರೈವರ್ ಕಟ್ಟಿಕೊಂಡರೂ ಸ್ವಲ್ಪ ದಪ್ಪವಾಯಿತೇನೋ ಎನ್ನಿಸುವಂಥ ವಾಚು. ಹೊಸದಾಗಿ ಬಂದ ನರ್ಸ್‌ಗಳು ಒಂದು ವಾರ ಅದನ್ನು ನೋಡಿ ನಗುತ್ತಾರೆ. ಎರಡನೇ ವಾರದಿಂದ "ಎಷ್ಟಾಯ್ತಕ್ಕ?" ಎಂದು ಕೇಳಲು ಶುರು ಮಾಡುತ್ತಾರೆ.

ಶೋಕಿಗೆ ಕಟ್ಟಿದ್ದಲ್ಲ. ಸೋಂಕಿನ ವಾರ್ಡಿನ ಬಟ್ಟೆ ಬಿಸಿನೀರಿನಲ್ಲಿ ಪೂರಾ ಹತ್ತು ನಿಮಿಷ ತಿರುಗಲೇಬೇಕು. ಆ ಹಳೇ ಮಿಷಿನ್ನುಗಳ ಟೈಮರನ್ನು ನಂಬುವುದೂ ಒಂದೇ, ಕುಡುಕನ ಆಣೆಯನ್ನು ನಂಬುವುದೂ ಒಂದೇ. ಹಾಗಾಗಿ ಮೊದಲ ದಿನದಿಂದ ಅವಳೇ ಎಡಗೈಯ ವಾಚು ನೋಡಿಕೊಂಡು ನಿಂತಳು. ಮದುವೆಯ ಹೊತ್ತಿಗೆ ಕೊಟ್ಟಿದ್ದ ಚಿನ್ನದ ಬಣ್ಣದ ಪುಟ್ಟ ವಾಚು ಆ ಹಬೆಯಲ್ಲಿ ಒಂದು ತಿಂಗಳೂ ಬಾಳಲಿಲ್ಲ. ಗಾಜಿನೊಳಗೆ ಹನಿ ಕಟ್ಟಿ ನಿಂತೇಹೋಯಿತು. ಬಸ್ ಸ್ಟ್ಯಾಂಡ್ ಪಕ್ಕದ ಪೆಟ್ಟಿಗೆ ಅಂಗಡಿಯ ರಿಪೇರಿಯವನು ಅದನ್ನು ಬಿಚ್ಚಿ ನೋಡಿ, "ಇದು ನೆಂಟರ ಮನೆಗೆ ಹೋಗೋ ವಾಚಮ್ಮ. ನಿಮ್ ಕೆಲಸಕ್ಕೆ ಕತ್ತೆ ಥರದ್ದು ಬೇಕು" ಎಂದು ಸತ್ತ ವಾಚುಗಳ ರಾಶಿಯಿಂದ ಒಂದನ್ನು ಹೆಕ್ಕಿ, ಓಡುವ ಹಾಗೆ ಮಾಡಿಕೊಟ್ಟ. ಅಲ್ಲಿಂದ ಶುರುವಾಯಿತು ಹುಚ್ಚು.

ಈಗ ಹದಿನಾಲ್ಕಿವೆ. ಇಂಜೆಕ್ಷನ್ ಸೀಸೆಗಳು ಬರುವ ಖಾನೆ ಖಾನೆಯ ರಟ್ಟಿನ ಡಬ್ಬಿಯಲ್ಲಿ ಸಾಲಾಗಿ ಮಲಗಿವೆ. ಒಂದೂ ಅಂಗಡಿಯಿಂದ ಬಂದ ರೂಪದಲ್ಲಿಲ್ಲ. ಒಂದರ ಮೈಗೆ ಇನ್ನೊಂದರ ರಬ್ಬರ್ ಕವಚ. ಗೀರು ಬಿದ್ದ ಗಾಜಿಗೆ ಹಲ್ಲುಪುಡಿಯ ಉಜ್ಜು. ಹಬೆಯಲ್ಲೂ ಕಾಣಲೆಂದು ಸೆಕೆಂಡಿನ ಮುಳ್ಳಿಗೆ ಕೆಂಪು ಉಗುರುಬಣ್ಣ. ಪಟ್ಟಿಗಳೆಲ್ಲ ಗಂಡನ ಕೈಕೆಲಸ. ಅವನು ಹೆಂಗಸರ ಬಟ್ಟೆ ಹೊಲಿಯುವ ಟೇಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ. ಗುಜರಿಯಿಂದ ತಂದ ಕಾರಿನ ಸೀಟ್ ಬೆಲ್ಟನ್ನು ಉದ್ದಕ್ಕೆ ಸೀಳಿ, ನೂಲು ಬಿಡದ ಹಾಗೆ ಅಂಚನ್ನು ಮೇಣದಬತ್ತಿಗೆ ಹಿಡಿದು, ಎರಡು ಸಾಲು ಹೊಲಿಗೆ ಹಾಕಿ, ಕಾಯಿಸಿದ ಮೊಳೆಯಿಂದ ಐದು ತೂತು ಮಾಡಿಕೊಡುತ್ತಿದ್ದ. ಅವಳ ಅಳತೆ ಮೂರನೇ ತೂತು. ಮದುವೆಯಾದಾಗಿನಿಂದ ಅದೇ.

ಹದಿನಾಲ್ಕರಲ್ಲಿ ಪಟ್ಟದ ರಾಣಿ ಒಂದು ಸ್ಟೀಲ್ ವಾಚು. ಅದಕ್ಕೆ ಸೆಲ್ ಬೇಡ. ಕೈ ಅಲುಗಿದಷ್ಟೂ ತಾನೇ ಕೀ ತುಂಬಿಕೊಳ್ಳುತ್ತದೆ, ಎರಡು ದಿನ ಕಟ್ಟದಿದ್ದರೆ ಮುನಿಸಿಕೊಂಡು ನಿಲ್ಲುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿ ನೋಡುವವರಿದ್ದಾರೆ. ಇವಳು ಆ ವಾಚನ್ನು ಕಿವಿಗೆ ಹಿಡಿಯುತ್ತಿದ್ದಳು. ಪಕ್ಕದಲ್ಲಿ ಮಲಗಿದ್ದ ಗಂಡ ಕಣ್ಣು ಬಿಡದೆಯೇ "ಓಡ್ತಿದೆಯಾ?" ಎನ್ನುತ್ತಿದ್ದ. "ಓಡ್ತಿದೆ" ಎಂದು ಇವಳು ಏಳುತ್ತಿದ್ದಳು. ಆ ಮನೆಯ ದಿನ ಆರಂಭವಾಗುತ್ತಿದ್ದುದು ಹಾಗೆ.

ಎರಡು ವರ್ಷದ ಹಿಂದೆ ಪಟ್ಟಿ ಬಿಗಿಯಾಗತೊಡಗಿತು. "ಹಬೆಗೆ ಕುಗ್ಗಿದೆ ಕಣ್ರೀ" ಎಂದಳು. ಹೊಲಿಗೆ ಮಿಷಿನ್ನಿನ ಮೇಲೆ ಬಗ್ಗಿದ್ದ ಗಂಡ ತಲೆ ಎತ್ತದೆ "ಇಟ್ಟು ಹೋಗು" ಎಂದು, ಸಂಜೆಗೆ ಅರ್ಧ ಇಂಚು ಹೆಚ್ಚು ಉದ್ದದ್ದು ಹೊಲಿದಿಟ್ಟ. ಏಳು ತಿಂಗಳಿಗೆ ಇನ್ನೊಂದು. ಅದಾದ ಮೇಲೆ ಮತ್ತೊಂದು. ಸಂಜೆ ವಾಚು ಬಿಚ್ಚಿದರೆ ಮಣಿಕಟ್ಟಿನಲ್ಲಿ ಬಿದ್ದ ಗೆರೆ ರಾತ್ರಿ ಊಟದ ಹೊತ್ತಿಗೂ ಮಾಯುತ್ತಿರಲಿಲ್ಲ. ಬೆಳಿಗ್ಗೆ ಕಣ್ಣಿನ ಕೆಳಗೆ ಬಾವು. "ಯಾಕೆ ಮುಖ ಊದಿಸ್ಕೊಂಡಿದೀಯ, ನಾನೇನು ಮಾಡಿದೆ?" ಎಂದು ಗಂಡ ಕಿಚಾಯಿಸುತ್ತಿದ್ದ. ಇಬ್ಬರೂ ನಗುತ್ತಿದ್ದರು. ಸುಸ್ತು ಇತ್ತು, ಆದರೆ ಆ ಶೆಡ್ಡಿನಲ್ಲಿ ಸುಸ್ತಿಲ್ಲದವರು ಯಾರು? ಒದ್ದೆ ಬಟ್ಟೆಯ ಗಂಟು ಎತ್ತಿ ಎತ್ತಿ ಅಲ್ಲಿ ಎಲ್ಲರ ಸೊಂಟವೂ ಬಿದ್ದೇ ಹೋಗಿದೆ.

ಕಡೆಗೆ ಕಂಡುಹಿಡಿದದ್ದು ಕಿಡ್ನಿ ವಾರ್ಡಿನ ಡಾಕ್ಟರಮ್ಮ. ಒಗೆದ ಬಟ್ಟೆಯ ತಳ್ಳುಗಾಡಿ ತಂದವಳು ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಾಗ, ಕೂರಿಸಿ, ಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಹಿಟ್ಟಿನ ಮುದ್ದೆಯಲ್ಲಿ ಬಿದ್ದಂತೆ ಗುಳಿ ಬಿತ್ತು, ಬಿದ್ದದ್ದು ಹಾಗೇ ಉಳಿಯಿತು. ಡಾಕ್ಟರಮ್ಮ ಅದು ತುಂಬುವುದನ್ನೇ ನೋಡುತ್ತಾ ಕೂತರು.

ರಕ್ತ ಪರೀಕ್ಷೆಯಾದ ಮೇಲೆ ಹೇಳಿದರು: ಎರಡು ಕಿಡ್ನಿಯೂ ಸೇರಿ ಹತ್ತರಲ್ಲಿ ಒಂದು ಪಾಲು ಕೆಲಸ ಮಾಡುತ್ತಿವೆ. ಇನ್ನು ಸ್ವಲ್ಪ ದಿನಕ್ಕೆ ವಾರಕ್ಕೆ ಮೂರು ಸಲ ಮಿಷಿನ್ನಿನಲ್ಲಿ ರಕ್ತ ತೊಳೆಯಬೇಕು. ಅದರ ಸೂಜಿ ಚುಚ್ಚಲು ಈಗಲೇ ಎಡಗೈ ಮಣಿಕಟ್ಟಿನಲ್ಲಿ ಎರಡು ರಕ್ತನಾಳ ಜೋಡಿಸಿ ಹೊಲಿಯಬೇಕು. ಅದು ಬಲಿಯಲು ಎರಡು ತಿಂಗಳು ಬೇಕು.

"ಆಮೇಲೆ ಆ ಕೈಗೆ ವಾಚು ಕಟ್ಟಂಗಿಲ್ಲ, ಭಾರ ಎತ್ತಂಗಿಲ್ಲ. ಯಾವತ್ತಿಗೂ."

"ಬಲಗೈಗೆ ಮಾಡಿ ಮೇಡಂ."

"ಬಲಗೈ ಊಟಕ್ಕೆ ಬೇಡ್ವಾ?"

ಆಪರೇಷನ್‌ಗೆ ದಿನ ಗೊತ್ತಾಯಿತು. ಅವಳು ಹೋಗಲಿಲ್ಲ. ಇನ್ನೊಂದು ದಿನ ಕೊಟ್ಟರು, ಅವತ್ತು ಬಾಯ್ಲರ್ ಕೆಟ್ಟಿದೆ ಎಂದಳು. ಮೂರನೆಯದಕ್ಕೆ ಕಾರಣವನ್ನೂ ಹೇಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ನಿಮಿಷ ತಡವಾಗಿ ಬಂದವಳಲ್ಲ. "ಕೈಯಲ್ಲಿ ಅಷ್ಟು ದೊಡ್ಡ ವಾಚು ಇಟ್ಕೊಂಡು ಏನಮ್ಮ ಇದು?" ಎಂದು ಡಾಕ್ಟರಮ್ಮ ಬೈದರು. ಇನ್ನೂ ತಡ ಮಾಡಿದರೆ ಕುತ್ತಿಗೆಗೆ ನಳಿಗೆ ಹಾಕಬೇಕಾಗುತ್ತದೆ, ಅದಕ್ಕೆ ಸೋಂಕು ತಗುಲಿದರೆ ಜೀವಕ್ಕೇ ಅಪಾಯ ಎಂದೂ ಹೇಳಿದರು.

ಸಾವಿಗೆ ಹೆದರಲಿಲ್ಲ ಎಂದರೆ ಸುಳ್ಳು. ಆದರೆ ಅದಕ್ಕಿಂತ ದಣಿವೇ ಹೆಚ್ಚಾಗಿತ್ತು. ಅವಳದು ಎಂದು ಆ ಶೆಡ್ಡಿನಲ್ಲಿ ಇದ್ದದ್ದು ಆ ಎಡಗೈ ಒಂದೇ. ಅದನ್ನು ಬರಿದು ಮಾಡಿಕೊಂಡು ಹೋಗಿ ನಿಂತರೆ ತಾನು ಯಾರು ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ಇದನ್ನು ಗಂಡನಿಗೆ ಹೇಳಲು ಬಾಯಿ ಬರಲಿಲ್ಲ. ಬದಲಿಗೆ, "ಬಲಗೈಗೆ ಕಟ್ಟಿದ್ರೆ ಟೈಮ್ ತಿದ್ದೋ ತಿರುಪು ಮೊಣಕೈ ಕಡೆ ಹೋಗುತ್ತೆ ಕಣ್ರೀ. ಎಡಗೈಗೆ ಸಿಗೋದೇ ಇಲ್ಲ" ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕು.

ಮುಂದಿನ ಭಾನುವಾರ ಮಧ್ಯಾಹ್ನ ಡಬ್ಬಿ ತೆರೆದರೆ ಒಂದು ಖಾನೆ ಖಾಲಿ.

"ಸ್ಟೀಲಿಂದು ಎಲ್ರೀ?"

ಗಂಡ ಜೇಬಿನಿಂದ ಲೈನಿಂಗ್ ಬಟ್ಟೆಯ ಗಂಟು ತೆಗೆದು ಕತ್ತರಿಸುವ ಮೇಜಿನ ಮೇಲಿಟ್ಟ. ಒಳಗೆ ಅವಳ ವಾಚು. ತಿರುಪು ಎಡಗಡೆಗೆ ಬಂದಿತ್ತು.

"ಬಲಗೈಗೆ ಕಟ್ಟಿದ್ರೆ ಸಿಗಲ್ಲ ಅಂದ್ಯಲ್ಲ. ತಿರುಗಿಸಿ ಕೂರಿಸೋಕೆ ಹೇಳ್ದೆ."

ಅವಳಿಗೆ ಆ ಕೆಲಸ ಗೊತ್ತಿತ್ತು. ವಾಚನ್ನು ತಲೆಕೆಳಗು ಮಾಡಿ ಮೇಲಿನ ಡಯಲ್ಲನ್ನು ಮಾತ್ರ ನೆಟ್ಟಗೆ ಕೂರಿಸಬೇಕಾದರೆ, ಡಯಲ್ಲಿನ ಬೆನ್ನಿಗಿರುವ ಎರಡು ಪುಟ್ಟ ಕಾಲುಗಳನ್ನು ಕತ್ತರಿಸಿ, ಅಂಟು ಹಾಕಬೇಕು.

"ಕಾಲು ಕತ್ತರಿಸಿದ್ರಾ?"

"ಎರಡೂ."

"ಇನ್ನು ಮೊದಲಿನ ಹಾಗೆ ಆಗಲ್ಲ, ಗೊತ್ತಾ ನಿಮಗೆ?"

"ಗೊತ್ತು. ರಿಪೇರಿಯವನೂ ಎರಡೆರಡು ಸಲ ಕೇಳಿದ."

ಅವಳಿಗೆ ಮೈಯೆಲ್ಲ ಉರಿಯಿತು. "ಯಾರನ್ನ ಕೇಳಿ ಕೊಟ್ರಿ? ನೀವು ಹೊಲಿದಿಟ್ಟ ರವಿಕೆ ತೋಳನ್ನ ನಾನು ಕತ್ತರಿಸಿ ಬಂದ್ರೆ ಹೇಗಿರುತ್ತೆ?"

ಅವನು ಜಗಳಕ್ಕೆ ಬರಲಿಲ್ಲ. ಗುಂಡಿ, ದಾರ ಇಡುವ ಸೆಳೆಖಾನೆ ಎಳೆದು ಮೂರು ಹಳೇ ಪಟ್ಟಿಗಳನ್ನು ತೆಗೆದ. ಒಂದರ ಪಕ್ಕ ಒಂದು ಇಟ್ಟ. ಮೊದಲಿನದಕ್ಕಿಂತ ಎರಡನೆಯದು ಉದ್ದ, ಎರಡನೆಯದಕ್ಕಿಂತ ಮೂರನೆಯದು. ಕೊರಳಲ್ಲಿದ್ದ ಟೇಪು ತೆಗೆದು ಅಳೆಯಲು ಹೋದವನು ಅಳೆಯಲಿಲ್ಲ. ಟೇಪನ್ನು ಕೆಳಗಿಟ್ಟ.

"ಅಳತೆ ತಗೊಳ್ಳೋದೇ ನನ್ನ ಕಸುಬು. ಯಾವಳೋ ಬಂದು ತೋಳು ಅರ್ಧ ಇಂಚು ಹೆಚ್ಚಾಗಿದ್ರೆ, ಏನಮ್ಮ ದಪ್ಪ ಆಗಿದೀರಾ ಅಂತೀನಿ. ನೀನು ಮೂರು ಸಲ ಬಂದೆ. ಮೂರು ಸಲಾನೂ ಹಳೇ ಪಟ್ಟಿ ಅಳೆದೆ. ಕೈ ಅಳೀಲಿಲ್ಲ."

ಅವಳು ಸ್ಟೂಲಿನ ಮೇಲೆ ಕೂತಳು. ಬೈಯಲು ಇನ್ನೂ ಮಾತು ಉಳಿದಿತ್ತು, ಶಕ್ತಿ ಇರಲಿಲ್ಲ. "ನಾನೂ ನೋಡಲಿಲ್ವಲ್ರೀ" ಎಂದಳು. ಆಪರೇಷನ್ನಿಗೆ ನಾಲ್ಕನೇ ಸಲ, ಬುಧವಾರ ಎಂಟು ಗಂಟೆಗೆ ಬರಹೇಳಿದ್ದರು. ಏಳೂ ಮುಕ್ಕಾಲಿಗೆ ಹೋಗಿ ಕೂತಳು, ಬರಿಗೈಯಲ್ಲಿ.

ಇಪ್ಪತ್ತಾರು ವರ್ಷದ ಪಟ್ಟಿ ಮುಚ್ಚಿಟ್ಟಿದ್ದ ಬೆಳ್ಳನೆಯ ಚರ್ಮದ ಮೇಲೆಯೇ ಹೊಲಿಗೆ ಬಿತ್ತು. ಗಾಯ ಮಾಗಿದ ಮೇಲೆ ಡಾಕ್ಟರಮ್ಮ ಅವಳ ಬೆರಳನ್ನು ಅಲ್ಲಿ ಇಡಿಸಿದರು. ಚರ್ಮದ ಕೆಳಗೆ ಏನೋ ಗುಂಯ್‌ಗುಟ್ಟುತ್ತಿತ್ತು. "ದಿನಾ ಬೆಳಿಗ್ಗೆ ಮುಟ್ಟಿ ನೋಡ್ಬೇಕು. ಇದು ಇದ್ರೆ ಸರಿಯಾಗಿದೆ ಅಂತ. ನಿಂತ್ರೆ ತಕ್ಷಣ ಓಡಿ ಬನ್ನಿ." ಕೆಲಸದಲ್ಲಿ ಅವಳನ್ನು ಮಿಷಿನ್ನಿನಿಂದ ಎತ್ತಿ ಮಡಿಸುವ ಮೇಜಿಗೆ ಹಾಕಿದರು. ಅಲ್ಲಿ ಭಾರವಿಲ್ಲ, ಹಬೆಯಿಲ್ಲ, ಟೈಮು ನೋಡುವ ಅಗತ್ಯವೂ ಇಲ್ಲ. ದಿಂಬಿನ ಚೀಲ, ದಿಂಬಿನ ಚೀಲ, ಹೊದಿಕೆ. ಮೊದಲ ವಾರ ಅದಕ್ಕಿಂತ ಕುತ್ತಿಗೆಯ ನಳಿಗೆಯೇ ವಾಸಿ ಎನ್ನಿಸಿತು.

ಈಗ ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ತಾನೇ ಮಡಿಸಿದ ಹೊದಿಕೆಯ ಮೇಲೆ ಮಲಗುತ್ತಾಳೆ. "ಊರಿನ ಬಟ್ಟೆಯೆಲ್ಲ ಒಗೆದೆ, ಈಗ ನನ್ನನ್ನೇ ಒಗೀತಿದಾರೆ" ಎಂದು ಪಕ್ಕದ ಮಂಚದವರನ್ನು ನಗಿಸುತ್ತಾಳೆ. ಬಲಗೈ ಎತ್ತಿ ನೋಡಿ, "ನಿಮ್ಮ ಮಿಷಿನ್ನು ಎರಡು ನಿಮಿಷ ಹಿಂದಿದೆ" ಎಂದು ನಡೆಸುವವನ ಜೊತೆ ತಕರಾರೂ ತೆಗೆಯುತ್ತಾಳೆ. ಮನೆಗೆ ಬಂದರೆ ಹೆಣದ ಹಾಗೆ ಬೀಳುತ್ತಾಳೆ. ವಾಸಿಯಾಗುವ ಕಾಯಿಲೆಯಲ್ಲ, ಅದು ಇಬ್ಬರಿಗೂ ಗೊತ್ತು.

ಬೆಳಿಗ್ಗೆ ಎಚ್ಚರವಾದ ಕೂಡಲೇ ಅವಳು ಎಡಗೈ ಮಣಿಕಟ್ಟನ್ನು ಕಿವಿಗೆ ಹಿಡಿಯುತ್ತಾಳೆ. ಗಂಡ ಈಗ ಕಣ್ಣು ಬಿಟ್ಟುಕೊಂಡೇ ಕಾಯುತ್ತಿರುತ್ತಾನೆ.

"ಓಡ್ತಿದೆಯಾ?"

"ಓಡ್ತಿದೆ."

ಅವಳು ಎದ್ದು ಕೂತ ಮೇಲೆ ಅವನು ಸ್ಟೀಲ್ ವಾಚನ್ನು ಎತ್ತಿಕೊಳ್ಳುತ್ತಾನೆ, ಅವಳ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಳ್ಳುತ್ತಾನೆ. ಮಿಷಿನ್ನಿಗೆ ಹೋಗಿಬಂದ ಮರುದಿನ ಬಾವು ಇಳಿದು ಮೂರನೇ ತೂತು, ಹೋಗಬೇಕಾದ ದಿನ ಮತ್ತೆ ಏರಿ ನಾಲ್ಕು. ಆದರೆ ಅವನು ತೂತನ್ನು ನಂಬುವುದಿಲ್ಲ. ಮೊದಲು ಮಣಿಕಟ್ಟಿನ ಮೇಲೆ ಹೆಬ್ಬೆರಳು ಒತ್ತಿ ತೆಗೆಯುತ್ತಾನೆ. ಗುಳಿ ಬೀಳುತ್ತದೆ. ಅದು ತುಂಬುವವರೆಗೂ ಇಬ್ಬರೂ ಅದನ್ನೇ ನೋಡುತ್ತಾ ಕೂತಿರುತ್ತಾರೆ. ಆಮೇಲೆ ಅವನು ಪಟ್ಟಿ ಕಟ್ಟುತ್ತಾನೆ.