ಬಿಲ್ಲೆಯ ಬೆನ್ನು ನೋಡುತ್ತಿದ್ದ ಹಿಲ್ಟ್ರೂಡ್

ಜರ್ಮನಿಯ ನಮ್ಮ ಊರು ಲೂಡೆನ್‌ಶೈಡಿನಲ್ಲಿ ಗುಂಡಿ, ಬಕಲ್, ಬಿಲ್ಲೆಗಳ ಕೆಲಸಕ್ಕೆ ಕೈ ಹಾಕದ ಮನೆತನ ಕಡಿಮೆ. ಹಿಟ್ಲರನ ಸೈನಿಕರ ಎದೆಯ ಮೇಲೆ ಮಿಂಚಿದ ಬಿಲ್ಲೆಗಳಲ್ಲಿ ಎಷ್ಟೋ ಇಲ್ಲಿಯವೇ. ಅದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲ.

ಹಿಲ್ಟ್ರೂಡ್ ಬ್ರಿಂಕರ್ ಹದಿನೈದನೇ ವಯಸ್ಸಿಗೇ ಕಾರ್ಖಾನೆ ಸೇರಿ, ಬ್ರೋಚುಗಳ ಹಿಂದೆ ಪಿನ್ನು ಬೆಸೆಯುವುದನ್ನು ಕಲಿತವರು. ಕಾರ್ಖಾನೆ ಮುಚ್ಚಿದ ಮೇಲೂ ಆ ಕೈಗೆ ಬಿಡುವು ಸಿಗಲಿಲ್ಲ. ಯುದ್ಧಕಾಲದ ಬಿಲ್ಲೆಗಳನ್ನು ಕೊಂಡು ಮಾರುವವರು ಅವರ ಅಡುಗೆಮನೆಗೆ ಬರತೊಡಗಿದರು. ಬಿಲ್ಲೆ ಅಸಲಿಯೇ? ಪಿನ್ನು ರಿಪೇರಿಯಾಗಿದ್ದರೆ ಅದು ಯುದ್ಧದ ವೇಳೆಯದೋ, ಆಮೇಲಿನದೋ? ಹಿಲ್ಟ್ರೂಡ್ ಮೊದಲು ಬಿಲ್ಲೆಯ ಸ್ವಸ್ತಿಕದ ಮೇಲೆ ಕಾಗದದ ಒಂದು ಚುಕ್ಕೆ ಅಂಟಿಸುವರು, ಆಮೇಲೆ ಅದನ್ನು ಬೋರಲು ಹಾಕುವರು. ಮುಖ ನೋಡುತ್ತಲೇ ಇರಲಿಲ್ಲ.

"ಸ್ವಸ್ತಿಕ ತೋರಿಸಬಾರದು ಅನ್ನೋ ಕಾನೂನಿಗೆ ಹೆದರಿ ಅಲ್ಲ ಕಣ್ರೀ. ನಾನು ಇದೇ ಟೇಬಲ್ ಮೇಲೆ ಊಟ ಮಾಡ್ತೀನಿ" ಎನ್ನುವರು.

ಕೊಲೋನಿನ ವ್ಯಾಪಾರಿ ಟೆಪ್ಪರ್ ಪ್ರತಿಸಲವೂ, ಇದು ತೀರಿಹೋದ ಅಜ್ಜನ ಅಟ್ಟದಲ್ಲಿ ಸಿಕ್ಕಿದ್ದು ಎಂದು ಆಣೆ ಮಾಡುತ್ತಿದ್ದ. "ಎಷ್ಟು ಜನ ಅಜ್ಜಂದಿರಪ್ಪಾ ನಿನಗೆ? ಹೋದ ತಿಂಗಳೂ ಒಬ್ಬ ಸತ್ತಿದ್ನಲ್ಲ!" ಎಂದು ಹಿಲ್ಟ್ರೂಡ್ ನಕ್ಕು, ಚೀಟಿಯ ಮೇಲೆ 'ನಕಲಿ' ಎಂದು ಬರೆದು ಕೈಗಿಡುವರು. ಟೆಪ್ಪರ್ ಎಷ್ಟು ಅಂಗಲಾಚಿದರೂ ಆ ಅಕ್ಷರ ಬದಲಾಗುತ್ತಿರಲಿಲ್ಲ. ಮೂವತ್ತೆಂಟು ವರ್ಷ ಅವರ ಚೀಟಿಗೆ ಹ್ಯಾಂಬರ್ಗಿನಿಂದ ವಿಯೆನ್ನಾದವರೆಗೆ ಯಾರೂ ಎದುರಾಡಲಿಲ್ಲ.

ಇನ್ನು ನನ್ನ ಕಥೆ. ನಾನು ಫೋಲ್ಕ್‌ಮಾರ್ ಡಾಲ್‌ಹೌಸ್, ಊರಿನ ಶಾಲೆಯಲ್ಲಿ ಇತಿಹಾಸದ ಮೇಷ್ಟ್ರಾಗಿದ್ದೆ. ಹಿಲ್ಟ್ರೂಡರ ಮಗಳು ಆಂಕೆ ನನ್ನ ವಿದ್ಯಾರ್ಥಿನಿ. ಪ್ರತಿ ನವೆಂಬರಿನಲ್ಲಿ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ಭಾನುವಾರ, ನಾನು ಸಭೆಯಲ್ಲಿ ಒಂದೇ ಕಥೆ ಹೇಳುತ್ತಿದ್ದೆ: ನಲವತ್ತೈದರ ಏಪ್ರಿಲಿನಲ್ಲಿ ನನ್ನ ಅಪ್ಪ ಆಲ್ಟೆನಾದ ಸೇತುವೆಯ ಮೇಲೆ ನಿಂತು, ದಾಳಿಯ ಶೌರ್ಯಕ್ಕೆ ಸಿಕ್ಕಿದ್ದ ಬಿಲ್ಲೆಯನ್ನು ಕಿತ್ತು ಲೆನ್ನೆ ನದಿಗೆ ಎಸೆದರು. ಅಪ್ಪನೇ ನನಗೆ ಹೇಳಿದ ಕಥೆ. ಪಾದ್ರಿಗಳು ಕಣ್ಣೊರೆಸಿಕೊಳ್ಳುತ್ತಿದ್ದರು. ನಿವೃತ್ತನಾದ ಮೇಲೂ ಆ ದಿನ ನನ್ನನ್ನೇ ಕರೆಯುತ್ತಿದ್ದರು.

ಅಮ್ಮ ತೀರಿಕೊಂಡ ವರ್ಷ, ನನ್ನ ಅಕ್ಕ ಇರ್ಮ್‌ಗಾರ್ಡ್, ಎಂದೋ ತೀರಿಹೋಗಿದ್ದ ಅಪ್ಪನ ಹಳೆಯ ಕೋಟನ್ನು ದಾನಕ್ಕೆ ಕೊಡಲು ತೆಗೆದಳು. ಕಾಲರಿನ ಮಡಿಕೆಯ ಒಳಬದಿಯಲ್ಲಿ, ಯಾರಿಗೂ ಕಾಣದ ಹಾಗೆ, ಅಂಥದೇ ಒಂದು ಬಿಲ್ಲೆ ಚುಚ್ಚಿಟ್ಟಿತ್ತು. ಅಪ್ಪ ಇಗರ್ಜಿಗೆ ಹಾಕಿಕೊಂಡು ಹೋಗುತ್ತಿದ್ದ ಕೋಟು ಅದು.

"ಬ್ರಿಂಕರ್ ಅವರ ಹತ್ರ ಚೀಟಿ ಬರೆಸ್ಕೊಂಡು ಬಾ. ಅಸಲಿ ಅಂದ್ರೆ ಅಪ್ಪ ಅದನ್ನ ನದಿಗೆ ಎಸೆದೇ ಇಲ್ಲ ಅಂತ; ಈ ಭಾನುವಾರ ಸಭೇಲಿ ಎದ್ದು ನಿಂತು ನಿಜ ಹೇಳ್ಬೇಕು ನೀನು. ಇಲ್ಲಾಂದ್ರೆ ನಾನೇ ಹೇಳ್ತೀನಿ" ಎಂದಳು ಅಕ್ಕ.

ಹೋದೆ. ಹಿಲ್ಟ್ರೂಡ್ ಬಾಯಿ ತೆರೆಯುವ ಮೊದಲೇ, "ಡಾರ್ಟ್‌ಮುಂಡಿನ ಹಳೇ ಸಾಮಾನಿನ ಸಂತೇಲಿ ಸಿಕ್ಕಿತು" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನನ್ನನ್ನು ಯಾರೂ ಕಳ್ಳ ಎಂದೂ ಅಂದಿರಲಿಲ್ಲ.

ಅವರು ಚುಕ್ಕೆ ಅಂಟಿಸಿ, ಬಿಲ್ಲೆ ಬೋರಲು ಹಾಕಿ, ಪಿನ್ನಿನ ಬುಡಕ್ಕೆ ಉಗುರು ತಾಗಿಸಿದರು. ಮಸೂರ ಎತ್ತಿಕೊಳ್ಳಲೇ ಇಲ್ಲ.

"ಡಾರ್ಟ್‌ಮುಂಡಿಗೂ ಹೋಗಿತ್ತಾ ಇದು!" ಎಂದರು. "ಮೇಷ್ಟ್ರೇ, ಯುದ್ಧದ ಕೊನೆಗೆ ಇವನ್ನೆಲ್ಲ ಸತುವಲ್ಲಿ ಮಾಡ್ತಿದ್ರು. ಚೂರು ಕಾವು ಹೆಚ್ಚಾದ್ರೂ ಬೊಕ್ಕೆ ಏಳತ್ತೆ. ಇಲ್ಲಿ ಎದ್ದಿದೆ ನೋಡಿ ಒಂದು. ಇದು ನನ್ನ ಕೈಯಿಂದ ಆದ ಬೊಕ್ಕೆ. ಅರವತ್ತೊಂದನೇ ಇಸವಿ, ನನಗೆ ಹತ್ತೊಂಬತ್ತು. ನಿಮ್ಮ ತಂದೆ ಕಾರ್ಖಾನೆ ಹಿಂಬಾಗಿಲಿಗೆ ಬಂದಿದ್ರು. ಹಾಕಿ ಹಾಕಿ ಪಿನ್ನು ಮುರಿದಿದೆ, ಹೊಸದು ಹಾಕಿಕೊಡಮ್ಮಾ ಅಂದ್ರು."

ನನಗೆ ಆ ಕೋಟು ನೆನಪಾಯಿತು. ಒಂದು ವರ್ಷ ಅಪ್ಪ ಅದೇ ಕೋಟು ತೊಟ್ಟು ಸಭೆಯ ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ನದಿಯ ಕಥೆ ಹೇಳುವಾಗ ತಲೆ ತಗ್ಗಿಸಿದ್ದರು. ಎಂಥ ವಿನಯ ಎಂದು ಊರೆಲ್ಲ ಹೊಗಳಿತ್ತು.

"ಗೊತ್ತಿದ್ದೂ ಇಷ್ಟು ವರ್ಷ ಸುಮ್ನೆ ಇದ್ರಾ?"

"ಆಂಕೆ ಮನೆಗೆ ಬಂದು ನಿಮ್ಮ ಕಥೆ ಹೇಳಿದಾಗ ನಾಲಿಗೆ ತುದೀವರೆಗೂ ಬಂದಿತ್ತು. ಮಕ್ಕಳು ಒಳ್ಳೇದನ್ನೇ ಕಲೀತಿದಾವೆ, ಹೋಗ್ಲಿ ಅಂತ ಬಿಟ್ಟೆ. ಪಿನ್ನು ಹಾಕಿದ್ದು ನಾನೇ ಅಲ್ವಾ? ಯಾವ ಮುಖ ಇಟ್ಕೊಂಡು ಹೇಳ್ಲಿ?"

ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಮಕ್ಕಳಿಗೆ ಸತ್ಯದ ಪಾಠ ಹೇಳಿದ ನಾನು ಆ ಮುದುಕಿಯ ಕೈ ಹಿಡಿದುಕೊಂಡೆ. "ನಕಲಿ ಅಂತ ಬರೆದುಕೊಡಿ, ಫ್ರಾವ್ ಬ್ರಿಂಕರ್. ನಿಮ್ಮ ದಮ್ಮಯ್ಯ. ಅಕ್ಕನಿಗೆ ತೋರಿಸೋಕೆ ಮಾತ್ರ" ಎಂದೆ.

ಅವರು ನನ್ನ ಮುಖ ನೋಡಿದರು. ಕೈ ಬಿಡಿಸಿಕೊಂಡು, ಚೀಟಿ ಎಳೆದುಕೊಂಡು ಬರೆದರು. ಕಾಫಿ ಕೊಡಲಿಲ್ಲ. ಅವರ ಮನೆಯಿಂದ ಕಾಫಿಯಿಲ್ಲದೆ ಹೊರಬಿದ್ದವನು ನಾನೊಬ್ಬನೇ ಇರಬೇಕು.

ಅಕ್ಕ ಚೀಟಿ ನೋಡಿ ಅತ್ತೇಬಿಟ್ಟಳು. ಅಸಲಿಯನ್ನು ನದಿಗೆ ಎಸೆದದ್ದು ನಿಜವೇ, ಅಪ್ಪನ ಮೇಲೆ ಅನುಮಾನಪಟ್ಟೆನಲ್ಲಾ ಎಂದು ನನ್ನ ಕ್ಷಮೆಯನ್ನೂ ಕೇಳಿದಳು. ಭಾನುವಾರ ನಾನು ನದಿಯ ಕಥೆ ಹೇಳಿದೆ.

ಮುಂದಿನ ವಾರ ಬೇಕರಿಯಲ್ಲಿ ಟೆಪ್ಪರ್ ಸಿಕ್ಕಿ ಗೋಳಾಡಿದ: "ಮುದುಕಿ ಕೆಲಸ ನಿಲ್ಲಿಸಿಬಿಟ್ಟಳು ಸಾರ್. ಕಣ್ಣು ಹೋಯ್ತಂತೆ. ಇನ್ಮೇಲೆ ನಾವು ಯಾರನ್ನ ನಂಬೋದು?"

ನಾನು ಓಡಿದೆ. ಹಿಲ್ಟ್ರೂಡ್ ಕಿಟಕಿಯ ಬಳಿ ಕೂತು ಮೊಮ್ಮಗಳ ಲಂಗದ ಅಂಚು ಹೊಲಿಯುತ್ತಿದ್ದರು. ಕನ್ನಡಕವಿಲ್ಲದೆಯೇ ಸೂಜಿಗೆ ದಾರ ಪೋಣಿಸಿದರು.

"ಕಣ್ಣಿಗೇನೂ ಆಗಿಲ್ಲ, ಮೇಷ್ಟ್ರೇ" ಎಂದರು. "ಒಂದು ಚೀಟಿ ಸುಳ್ಳು ಬರೆದ ಕೈ ಇದು. ಮಿಕ್ಕಿದ್ದು ನಿಜ ಅಂತ ಯಾವ ಬಾಯಲ್ಲಿ ಹೇಳ್ಲಿ? ನೀವು ಆರಾಮಾಗಿರಿ." ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈ ವಸಂತದಲ್ಲಿ ಅವರು ತೀರಿಕೊಂಡರು. ಮಣ್ಣಿನ ದಿನ ಆಂಕೆ ಬಂದು, "ಸಾರ್, ಅಮ್ಮನ ಬಗ್ಗೆ ನೀವೇ ನಾಲ್ಕು ಮಾತಾಡ್ಬೇಕು. ಅಮ್ಮ ನಿಮ್ಮ ಬಗ್ಗೆ ಯಾವತ್ತೂ ಕೆಟ್ಟದ್ದು ಆಡಿದೋರಲ್ಲ" ಎಂದಳು. ಎದ್ದು ನಿಂತೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ನನಗಿರಲಿಲ್ಲ. ಹಿಲ್ಟ್ರೂಡ್ ಬ್ರಿಂಕರ್ ಬದುಕಿನಲ್ಲಿ ಒಂದೇ ಒಂದು ಸುಳ್ಳು ಚೀಟಿಯನ್ನೂ ಬರೆಯಲಿಲ್ಲ ಎಂದು ಹೇಳಿ ಕೂತೆ.

ಎಲ್ಲರೂ ಹೌದೆಂದು ತಲೆಯಾಡಿಸಿದರು. ಪಕ್ಕದಲ್ಲಿ ಕೂತಿದ್ದ ಅಕ್ಕ ನನ್ನ ಕೈ ಅದುಮಿ, "ನಮ್ಮ ಅಪ್ಪನ ಮಾನ ಉಳಿಸಿದ ಪುಣ್ಯಾತ್ಗಿತ್ತಿ" ಎಂದಳು.